ಅಮೆರಿಕದಲ್ಲಿ ಮನೆ ಸಾಲ ಕಟ್ಟುತ್ತಿರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಜನವರಿ 2026

ಎಲ್ಲರಿಗೂ ನಮಸ್ಕಾರ.

ವಾಷಿಂಗ್ಟನ್‌ನಲ್ಲಿ ಆಫೀಸ್ ಆಫ್ ದಿ ಕಂಟ್ರೋಲರ್ ಆಫ್ ದಿ ಕರೆನ್ಸಿ ಅನ್ನುವ ಕಚೇರಿ ಇದೆ. ಚಿಕ್ಕದಾಗಿ ಒಸಿಸಿ. ಹೆಸರಿನ ಕೊನೆಗೆ ‘ಎನ್.ಎ.’ ಅಂತ ಹಾಕಿಕೊಳ್ಳುವ ನ್ಯಾಷನಲ್ ಬ್ಯಾಂಕ್‌ಗಳಿಗೆ ಲೈಸೆನ್ಸ್ ಕೊಡುವುದು, ಅವುಗಳ ಮೇಲೆ ಕಣ್ಣಿಡುವುದು ಇದೇ ಕಚೇರಿ. ಕಳೆದ ಡಿಸೆಂಬರ್ ಕೊನೆಯಲ್ಲಿ ಅದು ಎರಡು ಕರಡು ನಿಯಮ ಹೊರಡಿಸಿದೆ. ಸಾರ ಇಷ್ಟು: ಮನೆ ಸಾಲ ತೆಗೆದುಕೊಂಡವರು ಎಸ್ಕ್ರೋ ಖಾತೆಗೆ (ಮನೆಯ ಟ್ಯಾಕ್ಸ್, ಇನ್ಶೂರೆನ್ಸಿಗೆಂದು ಬ್ಯಾಂಕ್ ಮೊದಲೇ ವಸೂಲಿ ಮಾಡಿ ಇಡುವ ಖಾತೆ) ಕಟ್ಟುವ ದುಡ್ಡಿಗೆ ಬಡ್ಡಿ ಕೊಡುವುದೂ ಬಿಡುವುದೂ ನ್ಯಾಷನಲ್ ಬ್ಯಾಂಕಿಗೆ ಬಿಟ್ಟದ್ದು. ‘ಬಡ್ಡಿ ಕೊಡಲೇಬೇಕು’ ಅನ್ನುವ ನ್ಯೂಯಾರ್ಕ್ ಕಾನೂನು, ಅದರಂಥ ಬೇರೆ ರಾಜ್ಯಗಳ ಕಾನೂನು ಈ ಬ್ಯಾಂಕ್‌ಗಳಿಗೆ ಅನ್ವಯಿಸುವುದಿಲ್ಲ. ಆ ರಾಜ್ಯಗಳ ಪಟ್ಟಿಯಲ್ಲಿ ನಮ್ಮ ಕ್ಯಾಲಿಫೋರ್ನಿಯಾವೂ ಇದೆ.

ಕರಡಿನ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದಾರೆ. ಬ್ಯಾಂಕ್‌ಗಳ ಸಂಘಗಳು ತಪ್ಪದೆ ಬರೆಯುತ್ತವೆ, ಅದಕ್ಕೆಂದೇ ಸಂಬಳದ ವಕೀಲರಿದ್ದಾರೆ. ಆದರೆ ದುಡ್ಡು ಯಾರದೋ ಅವರಿಗೆ ಹೀಗೊಂದು ಕರಡು ಬಂದಿದೆ ಅನ್ನುವುದೇ ಗೊತ್ತಿರುವುದಿಲ್ಲ. ನಮ್ಮವರಲ್ಲಂತೂ ಈ ಮಾತು ಎತ್ತಿದವರನ್ನೇ ನಾನು ನೋಡಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದದ ಪತ್ರ, ಬಿಡುವು ಮಾಡಿಕೊಂಡು ಓದಿ.

ಮೊದಲು ನಿಮ್ಮ ಮಾರ್ಟ್‌ಗೇಜ್ ಸ್ಟೇಟ್‌ಮೆಂಟ್ ತೆಗೆಯಿರಿ. ತಿಂಗಳ ಕಂತು ಮೂರು ಸಾಲಾಗಿ ಒಡೆದಿರುತ್ತದೆ: ಅಸಲು, ಬಡ್ಡಿ, ಎಸ್ಕ್ರೋ. ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಎಸ್ಕ್ರೋಗೆ ಇಂಪೌಂಡ್ ಅಂತಲೂ ಅನ್ನುತ್ತಾರೆ. ಮನೆಯ ಪ್ರಾಪರ್ಟಿ ಟ್ಯಾಕ್ಸ್, ಇನ್ಶೂರೆನ್ಸ್ ಎರಡಕ್ಕೂ ಬೇಕಾದ ದುಡ್ಡನ್ನು ಬ್ಯಾಂಕ್ ನಮ್ಮಿಂದ ತಿಂಗಳು ತಿಂಗಳು ವಸೂಲಿ ಮಾಡಿ ಇಟ್ಟುಕೊಂಡು, ಸಮಯ ಬಂದಾಗ ಕಟ್ಟುತ್ತದೆ. ಇಲ್ಲಿ ಟ್ಯಾಕ್ಸಿಗೆ ವರ್ಷಕ್ಕೆ ಎರಡು ಕಂತು. ಒಂದನ್ನು ಡಿಸೆಂಬರ್ 10ರೊಳಗೆ, ಇನ್ನೊಂದನ್ನು ಏಪ್ರಿಲ್ 10ರೊಳಗೆ ಕಟ್ಟಬೇಕು. ಏಪ್ರಿಲ್ ಕಂತು ಹೋದ ಮೇಲೆ ಬೇಸಿಗೆ ಪೂರ್ತಿ, ಮಳೆಗಾಲ ಶುರುವಾಗುವ ತನಕ, ದುಡ್ಡು ಬರುತ್ತಲೇ ಇರುತ್ತದೆ, ಹೋಗುವುದು ಕಮ್ಮಿ. ಅದರ ಮೇಲೆ ‘ಕುಶನ್’ ಅಂತ ಎರಡು ತಿಂಗಳಷ್ಟು ದುಡ್ಡನ್ನು ಜಾಸ್ತಿ ಇಟ್ಟುಕೊಳ್ಳಲು ಫೆಡರಲ್ ಕಾನೂನೇ ಅವಕಾಶ ಕೊಟ್ಟಿದೆ. ಈ ಊರಿನ ಮನೆ ಬೆಲೆಗೆ ವರ್ಷದ ಟ್ಯಾಕ್ಸ್ 15,000 ಡಾಲರ್ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂದರೆ ಯಾವ ದಿನ ನೋಡಿದರೂ ನಮ್ಮ ಕೆಲವು ಸಾವಿರ ಡಾಲರ್ ಬ್ಯಾಂಕಿನ ಕೈಯಲ್ಲಿ ಇರುತ್ತದೆ.

ಅದು ನಮ್ಮ ದುಡ್ಡು. ಖರ್ಚಾಗುವ ತನಕ ಅದನ್ನು ಬಳಸಿಕೊಳ್ಳುವುದು ಮಾತ್ರ ಬ್ಯಾಂಕ್.

ಇದನ್ನು ನೋಡಿಯೇ ನ್ಯೂಯಾರ್ಕ್ 1974ರಲ್ಲಿ ಕಾನೂನು ಮಾಡಿತು: ಎಸ್ಕ್ರೋ ದುಡ್ಡಿಗೆ ಕನಿಷ್ಠ 2% ಬಡ್ಡಿ ಕೊಡಿ. ಕ್ಯಾಲಿಫೋರ್ನಿಯಾದಲ್ಲೂ 2%. ಹೀಗೆ ಹತ್ತಕ್ಕೂ ಜಾಸ್ತಿ ರಾಜ್ಯಗಳಲ್ಲಿ ಕಾನೂನಿದೆ. ದರ ಮಾತ್ರ ಬೇರೆ ಬೇರೆ.

ಹೊಸದಾಗಿ ಮನೆ ಕೊಳ್ಳುವ ನಮ್ಮ ಹುಡುಗರ ಕ್ಲೋಸಿಂಗ್ ಕಾಗದ ಓದಿಕೊಡುವುದು ನನಗೆ ಮೊದಲಿಂದಲೂ ಇರುವ ಅಭ್ಯಾಸ. ಅವರ ಸ್ಟೇಟ್‌ಮೆಂಟ್‌ಗಳನ್ನೂ ನೋಡುತ್ತಿರುತ್ತೇನೆ. ನನ್ನದೇ ಸಾಲದ ಕತೆ ಹೇಳುತ್ತೇನೆ. ಶುರುವಿನಲ್ಲಿ ಅದು ರಾಜ್ಯದ ಲೈಸೆನ್ಸ್ ಇದ್ದ ಒಂದು ಸಣ್ಣ ಬ್ಯಾಂಕಿನಲ್ಲಿತ್ತು. ವರ್ಷದ ಕೊನೆಯ ಎಸ್ಕ್ರೋ ಲೆಕ್ಕದಲ್ಲಿ ‘ಇಂಪೌಂಡ್ ಬಡ್ಡಿ’ ಅಂತ ಒಂದು ಸಾಲು, ಎದುರಿಗೆ ನೂರರ ಆಸುಪಾಸಿನ ಮೊತ್ತ. ಆಮೇಲೆ ಆ ಸಾಲವನ್ನು ಒಂದು ದೊಡ್ಡ ನ್ಯಾಷನಲ್ ಬ್ಯಾಂಕ್ ಕೊಂಡುಕೊಂಡಿತು. ನಮ್ಮನ್ನು ಯಾರೂ ಕೇಳಲಿಲ್ಲ, ಇಂಥ ತಾರೀಖಿನಿಂದ ಕಂತನ್ನು ಇಂಥ ವಿಳಾಸಕ್ಕೆ ಕಳಿಸಿ ಅಂತ ಒಂದು ಪತ್ರ ಬಂತು, ಅಷ್ಟೇ. ಮನೆ ಅದೇ, ಸಾಲ ಅದೇ, ಟ್ಯಾಕ್ಸ್ ಅದೇ. ಮುಂದಿನ ವರ್ಷದ ಲೆಕ್ಕದಲ್ಲಿ ಬಡ್ಡಿಯ ಸಾಲು ಮಾತ್ರ ಇರಲಿಲ್ಲ. ಫೋನ್ ಮಾಡಿದರೆ, ‘ನಮಗೆ ಫೆಡರಲ್ ಕಾನೂನು, ರಾಜ್ಯದ್ದು ಅನ್ವಯ ಆಗಲ್ಲ’ ಅಂದರು. ಹುಡುಗಿ ಬಹಳ ಮರ್ಯಾದೆಯಿಂದಲೇ ಹೇಳಿದಳು. ಅವಳ ಮುಂದೆ ಬರೆದಿಟ್ಟಿದ್ದನ್ನು ಅವಳು ಓದುತ್ತಿದ್ದಳು.

ಎಸ್ಕ್ರೋದಲ್ಲಿ ಸರಾಸರಿ 6,000 ಡಾಲರ್ ಇರುತ್ತದೆ ಅಂದುಕೊಳ್ಳಿ. 2% ಅಂದರೆ ವರ್ಷಕ್ಕೆ 120 ಡಾಲರ್. ಇಷ್ಟಕ್ಕೆ ಇಷ್ಟೊಂದು ಗಲಾಟೆ ಯಾಕೆ ಅನ್ನಬಹುದು ನೀವು. 30 ವರ್ಷದ ಸಾಲಕ್ಕೆ ಇದು 3,600 ಡಾಲರ್ ಆಗುತ್ತದೆ, ಅದು ಒಂದು ಮಾತು. ಅದಕ್ಕಿಂತ ದೊಡ್ಡದು ಆ ಫೋನಿನಲ್ಲಿ ಕೇಳಿದ ಉತ್ತರ. ಅದೇ ಉತ್ತರ ಈ ದೇಶದಲ್ಲಿ ಒಮ್ಮೆ ಲಕ್ಷಾಂತರ ಜನರ ಮನೆ ಹೋಗುವುದಕ್ಕೆ ದಾರಿ ಮಾಡಿಕೊಟ್ಟಿತು. 2008ರಲ್ಲಿ ಇಲ್ಲಿದ್ದವರಿಗೆ ನೆನಪಿರುತ್ತದೆ. ಆಮೇಲೆ ಬಂದವರಿಗೆ ಆ ಕತೆ ಗೊತ್ತಾಗಬೇಕು.

ಕಾನೂನಿನವರು ಇದಕ್ಕೆ ಪ್ರೀಎಂಪ್ಷನ್ ಅನ್ನುತ್ತಾರೆ. ಫೆಡರಲ್ ಕಾನೂನಿಗೂ ರಾಜ್ಯದ ಕಾನೂನಿಗೂ ಡಿಕ್ಕಿಯಾದರೆ ಫೆಡರಲ್‌ನದೇ ಮೇಲುಗೈ. ಸಂವಿಧಾನದಲ್ಲೇ ಹಾಗಿದೆ, ಅದರಲ್ಲಿ ತಕರಾರಿಲ್ಲ. 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಸರ್ಕಾರ ನ್ಯಾಷನಲ್ ಬ್ಯಾಂಕ್‌ಗಳನ್ನು ಹುಟ್ಟುಹಾಕಿತು. ಅವುಗಳನ್ನು ನೋಡಿಕೊಳ್ಳಲು ಒಸಿಸಿಯನ್ನೂ ತಂದಿತು. ಅವತ್ತಿಂದ ಈ ದೇಶದಲ್ಲಿ ಎರಡು ಥರದ ಬ್ಯಾಂಕ್, ರಾಜ್ಯದ್ದು ಮತ್ತು ಫೆಡರಲ್. ಡಿಕ್ಕಿ ಅಂತ ಯಾವುದನ್ನು ಕರೆಯಬೇಕು ಅನ್ನುವುದಷ್ಟೇ ಜಗಳ.

1980ರಲ್ಲಿ ಕಾಂಗ್ರೆಸ್ಸು, ಅಂದರೆ ಇಲ್ಲಿನ ಸಂಸತ್ತು, ಮನೆಯ ಮೊದಲ ಸಾಲಕ್ಕೆ ರಾಜ್ಯಗಳು ಹಾಕಿದ್ದ ಬಡ್ಡಿ ಮಿತಿಯನ್ನು ತೆಗೆದುಹಾಕಿತು. ಆಗ ಹಣದುಬ್ಬರ ವಿಪರೀತ ಇತ್ತು, ಆ ಮಿತಿಯೊಳಗೆ ಸಾಲ ಕೊಡುವವರೇ ಇರಲಿಲ್ಲ, ಕಾರಣ ಒಪ್ಪುವಂಥದ್ದೇ. 1982ರಲ್ಲಿ ಬಡ್ಡಿ ಏರಿಳಿಯುವ ಸಾಲಗಳಿಗೂ ದಾರಿ ಮಾಡಿದರು. ಎರಡು ಸಲವೂ ರಾಜ್ಯದ ಬೇಲಿ ಕಿತ್ತರು, ಅದರ ಜಾಗದಲ್ಲಿ ಬೇರೆ ಬೇಲಿ ಹಾಕಲಿಲ್ಲ. 90ರ ದಶಕದಲ್ಲಿ ಆ ಬಯಲಿಗೆ ಯಾರು ಬಂದರು ಅನ್ನುವುದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ.

ನಾರ್ತ್ ಕೆರೊಲಿನಾ, ಜಾರ್ಜಿಯಾಗಳಲ್ಲಿ ವಯಸ್ಸಾದವರು, ಅದರಲ್ಲೂ ಕಪ್ಪು ಜನ, ಸಾಲ ತೀರಿಸಿ ಮನೆ ಸ್ವಂತ ಮಾಡಿಕೊಂಡಿರುತ್ತಿದ್ದರು. ಕೈಯಲ್ಲಿ ದುಡ್ಡಿಲ್ಲ, ಆದರೆ ಮನೆ ಇದೆ. ಸೂರು ರಿಪೇರಿಗೋ ಆಸ್ಪತ್ರೆ ಬಿಲ್ಲಿಗೋ ಸಾಲ ಬೇಕು. ಬಾಗಿಲಿಗೇ ಬಂದು ಸಾಲ ಕೊಡುವ ಕಂಪನಿಗಳು ಸಾಲದ ಜೊತೆ ಒಂದು ಇನ್ಶೂರೆನ್ಸ್ ಅಂಟಿಸುತ್ತಿದ್ದವು, ಸಾಲಗಾರ ಸತ್ತರೆ ಸಾಲ ತೀರಿಸುವ ಪಾಲಿಸಿ. ಅದರ ಹಲವು ವರ್ಷಗಳ ಪ್ರೀಮಿಯಂ ಪೂರ್ತಿ ಮೊದಲ ದಿನವೇ ಅಸಲಿಗೆ ಸೇರುತ್ತಿತ್ತು, ಅದಕ್ಕೂ ಬಡ್ಡಿ. ಸಾಲ ಬೇಗ ತೀರಿಸಿ ತಪ್ಪಿಸಿಕೊಳ್ಳೋಣ ಅಂದರೆ ಅದಕ್ಕೆ ದಂಡ. ವರ್ಷ ಕಳೆಯುವಷ್ಟರಲ್ಲಿ ಅದೇ ಕಂಪನಿ ಬಂದು ‘ರೀಫೈನಾನ್ಸ್ ಮಾಡಿಕೊಡ್ತೀವಿ’ ಅನ್ನುತ್ತಿತ್ತು. ಹೊಸ ಸಾಲ, ಹೊಸ ಫೀಸು, ಮತ್ತೆ ಅಸಲಿಗೆ ಸೇರ್ಪಡೆ. ಸಾಲಗಾರನಿಗೆ ಕೈಗೆ ಬಂದಿದ್ದು ಅಷ್ಟಷ್ಟೇ, ಮನೆಯ ಮೇಲಿನ ಸಾಲ ಮಾತ್ರ ಬೆಳೆಯುತ್ತಿತ್ತು. ಕೊನೆಗೆ ಮನೆಯೇ ಹೋಗುತ್ತಿತ್ತು.

1999ರಲ್ಲಿ ನಾರ್ತ್ ಕೆರೊಲಿನಾ ಇದಕ್ಕೆ ಕಾನೂನು ತಂದಿತು, ದೇಶದಲ್ಲೇ ಮೊದಲು. ಆ ಇನ್ಶೂರೆನ್ಸನ್ನು ಅಸಲಿಗೆ ಸೇರಿಸುವ ಹಾಗಿಲ್ಲ. 1,50,000 ಡಾಲರ್ ಒಳಗಿನ ಮನೆ ಸಾಲಕ್ಕೆ ಬೇಗ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಸಾಲಗಾರನಿಗೆ ನಿಜವಾದ ಲಾಭ ಇಲ್ಲದೆ ರೀಫೈನಾನ್ಸ್ ಮಾಡಿಸುವ ಹಾಗಿಲ್ಲ. ನೋಡಿ, ಇದರಲ್ಲಿ ಬ್ಯಾಂಕ್ ಮುಳುಗಿಸುವಂಥದ್ದು ಏನಿದೆ? ಆ ರಾಜ್ಯದಲ್ಲಿ ಸಾಲ ಸಿಗುವುದು ನಿಂತುಹೋಗಲಿಲ್ಲ. ಇದೇ ದಾರಿಯಲ್ಲಿ ಬೇರೆ ರಾಜ್ಯಗಳೂ ನಡೆದವು.

ಜಾರ್ಜಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2002ರಲ್ಲಿ ಗವರ್ನರ್ ರಾಯ್ ಬಾರ್ನ್ಸ್ ಸಹಿ ಹಾಕಿದ ಕಾನೂನು ಸಾಲ ಕೊಟ್ಟವರ ಜೊತೆಗೆ ಆ ಸಾಲವನ್ನು ಕೊಂಡವರನ್ನೂ ಹೊಣೆ ಮಾಡಿತು. ಇದು ಬೇರಿಗೇ ಕೈ ಹಾಕಿದ ಹಾಗೆ. ಯಾಕೆಂದರೆ ಆಗಿನ ವ್ಯಾಪಾರವೆಲ್ಲ ಸಾಲ ಕೊಟ್ಟು, ಮಾರಿ, ಕೈ ತೊಳೆದುಕೊಳ್ಳುವುದರ ಮೇಲೆ ನಿಂತಿತ್ತು. ವಾಲ್‌ಸ್ಟ್ರೀಟ್ ಬೆಚ್ಚಿತು. 2003ರ ಜನವರಿಯಲ್ಲಿ, ಬಾಂಡ್‌ಗಳು ಎಷ್ಟು ಭದ್ರ ಅಂತ ಅಳೆದು ಹೇಳುವ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಕಂಪನಿ ಈ ಕಾನೂನಿನಡಿ ಬರುವ ಜಾರ್ಜಿಯಾದ ಸಾಲಗಳಿರುವ ಬಾಂಡ್‌ಗಳಿಗೆ ರೇಟಿಂಗ್ ಕೊಡುವುದಿಲ್ಲ ಅಂದಿತು. ಮಾರ್ಚ್ ಹೊತ್ತಿಗೆ ಅಲ್ಲಿನ ಶಾಸಕರು ಕಾನೂನಿನ ಹಲ್ಲು ಕಿತ್ತರು. ಹಲ್ಲು ಕಿತ್ತ ಆ ಕಾನೂನನ್ನೂ ಅದೇ ವರ್ಷ ಒಸಿಸಿ ಬಿಡಲಿಲ್ಲ. ನ್ಯಾಷನಲ್ ಸಿಟಿ ಅನ್ನುವ ಬ್ಯಾಂಕ್ ಕೇಳಿಕೊಂಡಿತ್ತು. ನ್ಯಾಷನಲ್ ಬ್ಯಾಂಕ್‌ಗಳಿಗೆ ಜಾರ್ಜಿಯಾದ ಕಾನೂನು ಅನ್ವಯಿಸುವುದಿಲ್ಲ ಅಂತ ಒಸಿಸಿ ಆದೇಶ ಕೊಟ್ಟಿತು.

ಆ ವರ್ಷದ ಒಂದು ಫೋಟೋ ಇದೆ. ಹುಡುಕಿದರೆ ಈಗಲೂ ಸಿಗುತ್ತದೆ. ಬ್ಯಾಂಕಿಂಗ್ ನಿಯಮಗಳ ಕಾಗದದ ಒಂದು ದೊಡ್ಡ ಕಟ್ಟು, ಅದಕ್ಕೆ ಕೆಂಪು ಟೇಪು ಸುತ್ತಿದೆ. ಸುತ್ತ ಸೂಟು ಹಾಕಿದ ಗಂಡಸರು, ಕೈಯಲ್ಲಿ ತೋಟದ ಕತ್ತರಿ. ಅವರಲ್ಲಿ ನಿಯಂತ್ರಣ ಮಾಡಬೇಕಾದ ಅಧಿಕಾರಿಗಳೂ ಇದ್ದಾರೆ, ಬ್ಯಾಂಕ್‌ಗಳ ಸಂಘದವರೂ ಇದ್ದಾರೆ. ಒಬ್ಬರ ಕೈಯಲ್ಲಿ ಮಾತ್ರ ಮರ ಕೊಯ್ಯುವ ಚೈನ್‌ಸಾ. ಅವರು ಜೇಮ್ಸ್ ಗಿಲೆರನ್, ಆಫೀಸ್ ಆಫ್ ತ್ರಿಫ್ಟ್ ಸೂಪರ್‌ವಿಷನ್ ಅನ್ನುವ ಇನ್ನೊಂದು ಫೆಡರಲ್ ಕಚೇರಿಯ ಮುಖ್ಯಸ್ಥರು. ಮನೆ ಸಾಲವನ್ನೇ ಕಸುಬು ಮಾಡಿಕೊಂಡ ತ್ರಿಫ್ಟ್ ಬ್ಯಾಂಕ್‌ಗಳೆಲ್ಲ ಅವರ ಕೈಕೆಳಗಿದ್ದವು. ಆ ಕಚೇರಿ 1996ರಲ್ಲೇ ಸಾಲದ ವಿಷಯದಲ್ಲಿ ರಾಜ್ಯಗಳಿಗೆ ಜಾಗವೇ ಇಲ್ಲ ಅಂತ ನಿಯಮ ಮಾಡಿಕೊಂಡಿತ್ತು. ಅವರು ಮುಚ್ಚಿಟ್ಟು ಮಾಡಿದ್ದೇನೂ ಅಲ್ಲ. ಕ್ಯಾಮೆರಾ ಮುಂದೆ ನಗುತ್ತ ನಿಂತಿದ್ದಾರೆ. ನನಗೆ ಆ ನಗು ಮರೆಯಲು ಆಗುವುದಿಲ್ಲ.

2004ರ ಜನವರಿಯಲ್ಲಿ ಒಸಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿತು. ಆಗ ಕಂಟ್ರೋಲರ್, ಅಂದರೆ ಅದರ ಮುಖ್ಯಸ್ಥರು, ಜಾನ್ ಹಾಕ್. ನ್ಯಾಷನಲ್ ಬ್ಯಾಂಕಿನ ಕೆಲಸಕ್ಕೆ ‘ಅಡ್ಡಿಪಡಿಸುವ, ಕುಂದು ತರುವ ಅಥವಾ ಷರತ್ತು ಹಾಕುವ’ ರಾಜ್ಯದ ಕಾನೂನು ಅನ್ವಯ ಆಗುವುದಿಲ್ಲ ಅಂತ ನಿಯಮ. ಷರತ್ತು ಹಾಕದ ಕಾನೂನು ಯಾವುದಿದೆ ಹೇಳಿ? ಜೊತೆಗೆ ಇನ್ನೊಂದು ನಿಯಮ: ರಾಜ್ಯದ ಅಧಿಕಾರಿಗಳು ನ್ಯಾಷನಲ್ ಬ್ಯಾಂಕಿನ ಪುಸ್ತಕ ಮುಟ್ಟುವ ಹಾಗಿಲ್ಲ, ಅವುಗಳ ಮೇಲೆ ಕ್ರಮ ಜರುಗಿಸುವ ಹಾಗೂ ಇಲ್ಲ. ಐವತ್ತು ರಾಜ್ಯಗಳ ಅಟಾರ್ನಿ ಜನರಲ್‌ಗಳೂ, ಅಂದರೆ ಆಯಾ ರಾಜ್ಯದ ಮುಖ್ಯ ಕಾನೂನು ಅಧಿಕಾರಿಗಳೂ, ಬೇಡ ಅಂದರು. ಇದರಲ್ಲಿ ಡೆಮಾಕ್ರಟರೂ ಇದ್ದರು, ರಿಪಬ್ಲಿಕನ್ನರೂ ಇದ್ದರು. ಈ ದೇಶದಲ್ಲಿ ಐವತ್ತೂ ಜನ ಒಂದೇ ಮಾತು ಆಡಿದ್ದು ಎಷ್ಟು ಸಲ? ಒಸಿಸಿ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅನ್ನುವುದಕ್ಕೆ ಒಂದು ಮಾತು. ಒಸಿಸಿಯ ಖರ್ಚಿಗೆ ಕಾಂಗ್ರೆಸ್ಸು ದುಡ್ಡು ಕೊಡುವುದಿಲ್ಲ. ತನ್ನ ಕೆಳಗಿರುವ ಬ್ಯಾಂಕ್‌ಗಳಿಂದ ಶುಲ್ಕ ವಸೂಲಿ ಮಾಡಿ ಅದು ನಡೆಯುತ್ತದೆ. ಬ್ಯಾಂಕ್ ದೊಡ್ಡದಾದಷ್ಟೂ ಶುಲ್ಕ ಜಾಸ್ತಿ. ರಾಜ್ಯದ ಲೈಸೆನ್ಸ್ ಇಟ್ಟುಕೊಳ್ಳಬೇಕೋ ಫೆಡರಲ್ ತೆಗೆದುಕೊಳ್ಳಬೇಕೋ ಅನ್ನುವುದು ಬ್ಯಾಂಕಿನ ಆಯ್ಕೆ. 2004ರಲ್ಲೇ ಜೆ.ಪಿ. ಮಾರ್ಗನ್ ಚೇಸ್, ಎಚ್‌ಎಸ್‌ಬಿಸಿ ಎರಡೂ ನ್ಯೂಯಾರ್ಕ್ ರಾಜ್ಯದ ಲೈಸೆನ್ಸ್ ಬಿಟ್ಟು ಒಸಿಸಿ ಕಡೆ ಬಂದವು. ನಿಯಂತ್ರಿಸುವವರು ಗಿರಾಕಿ ಹುಡುಕುವ ಪರಿಸ್ಥಿತಿ ಇದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮಿಷಿಗನ್‌ನಲ್ಲಿ ವಾಕೋವಿಯಾ ಬ್ಯಾಂಕಿನ ಮಾರ್ಟ್‌ಗೇಜ್ ಕಂಪನಿ ರಾಜ್ಯದ ನೋಂದಣಿಯನ್ನು ವಾಪಸ್ ಕೊಟ್ಟುಬಿಟ್ಟಿತು. ನಮ್ಮ ಕಂಪನಿ ಈಗ ನ್ಯಾಷನಲ್ ಬ್ಯಾಂಕಿನ ಮಗು, ತಾಯಿಗೆ ಇಲ್ಲದ ಕಾನೂನು ಮಗುವಿಗೂ ಇಲ್ಲ ಅನ್ನುವ ವಾದ. ರಾಜ್ಯದ ಆಯುಕ್ತೆ ಲಿಂಡಾ ವಾಟರ್ಸ್ ಒಪ್ಪಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟ್‌ಗೆ ಹೋಯಿತು. 2007ರ ಏಪ್ರಿಲ್‌ನಲ್ಲಿ ಐದು-ಮೂರರಿಂದ ಬ್ಯಾಂಕ್ ಗೆದ್ದಿತು. ಮುಂದಿನ ವರ್ಷದ ಕೊನೆಗೆ ವಾಕೋವಿಯಾ ಅನ್ನುವ ಬ್ಯಾಂಕೇ ಉಳಿಯಲಿಲ್ಲ, ವೆಲ್ಸ್ ಫಾರ್ಗೊ ಪಾಲಾಯಿತು. ಚೈನ್‌ಸಾ ಹಿಡಿದ ಕಚೇರಿಯ ಕೆಳಗಿದ್ದ ಇಂಡಿಮ್ಯಾಕ್ 2008ರ ಜುಲೈನಲ್ಲಿ ಮುಳುಗಿತು. ಸೆಪ್ಟೆಂಬರ್ 25ಕ್ಕೆ ವಾಷಿಂಗ್ಟನ್ ಮ್ಯೂಚುವಲ್ ಮುಳುಗಿತು. ಅದರ ಆಸ್ತಿ ಸುಮಾರು 307 ಬಿಲಿಯನ್ ಡಾಲರ್, ಈ ದೇಶದ ಚರಿತ್ರೆಯಲ್ಲೇ ಅಷ್ಟು ದೊಡ್ಡ ಬ್ಯಾಂಕ್ ಮುಳುಗಿದ್ದು ಇನ್ನೊಂದಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಕಾಲದ ಕೆಟ್ಟ ಸಾಲಗಳೆಲ್ಲ ನ್ಯಾಷನಲ್ ಬ್ಯಾಂಕ್‌ಗಳದ್ದಲ್ಲ. ನ್ಯೂ ಸೆಂಚುರಿ, ಅಮೆರಿಕ್ವೆಸ್ಟ್ ಅಂಥ ಕಂಪನಿಗಳು ರಾಜ್ಯಗಳ ಲೈಸೆನ್ಸ್‌ನಲ್ಲೇ ಇದ್ದವು, ಅದೂ ನಮ್ಮ ಕ್ಯಾಲಿಫೋರ್ನಿಯಾದಲ್ಲೇ. ಎಷ್ಟೋ ರಾಜ್ಯಗಳು ಕಣ್ಣು ಮುಚ್ಚಿ ಕೂತಿದ್ದವು. ಆದರೆ ಕಣ್ಣು ತೆರೆದಿದ್ದ ರಾಜ್ಯಗಳು ಕೆಲಸ ಮಾಡಿದವು ಅನ್ನುವುದೂ ದಾಖಲೆಯಲ್ಲಿದೆ. 2002ರಲ್ಲಿ ಹೌಸ್‌ಹೋಲ್ಡ್ ಅನ್ನುವ ಸಾಲದ ಕಂಪನಿಯಿಂದ ರಾಜ್ಯಗಳು 484 ಮಿಲಿಯನ್ ಡಾಲರ್ ಕಕ್ಕಿಸಿದವು. 2006ರಲ್ಲಿ ಅಮೆರಿಕ್ವೆಸ್ಟ್‌ನಿಂದ 325 ಮಿಲಿಯನ್. ಕುಸಿತದ ಕಾರಣ ಹುಡುಕಲು ನೇಮಿಸಿದ ಆಯೋಗ 2011ರ ವರದಿಯಲ್ಲಿ ಒಸಿಸಿಯನ್ನೂ ತ್ರಿಫ್ಟ್ ಕಚೇರಿಯನ್ನೂ ಹೆಸರಿಟ್ಟು ಹೇಳಿತು: ಅಧಿಕಾರದ ಗಡಿ ಜಗಳದಲ್ಲಿ ಬಿದ್ದು, ದುರಾಚಾರ ತಡೆಯಲು ಹೊರಟ ರಾಜ್ಯಗಳ ಕೈ ಕಟ್ಟಿಹಾಕಿದರು ಅಂತ.

ಆಮೇಲೆ ಗಾಳಿ ತಿರುಗಿತು. 2009ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಬಾಗಿಲು ತೆರೆಯಿತು. ಸಾಲ ಕೊಡುವುದರಲ್ಲಿ ಜನಾಂಗ ಭೇದ ಇದೆಯೇ ಅಂತ ನ್ಯೂಯಾರ್ಕಿನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ 2005ರಲ್ಲಿ ಬ್ಯಾಂಕ್‌ಗಳಿಂದ ಮಾಹಿತಿ ಕೇಳಿದ್ದರು. ಒಸಿಸಿಯೇ ಬ್ಯಾಂಕ್‌ಗಳ ಪರ ನಿಂತು ಅವರನ್ನು ಕೋರ್ಟ್‌ಗೆ ಎಳೆದಿತ್ತು. ರಾಜ್ಯದ ಕಾನೂನು ಜಾರಿ ಮಾಡಲು ಅಟಾರ್ನಿ ಜನರಲ್ ಕೋರ್ಟ್‌ಗೆ ಹೋಗಬಹುದು ಅಂತ ಐದು-ನಾಲ್ಕರಲ್ಲಿ ತೀರ್ಪಾಯಿತು. ಬರೆದವರು ಜಸ್ಟಿಸ್ ಸ್ಕಾಲಿಯಾ. ಅವರು ಎಡಪಂಥದವರು ಅಂತ ಯಾರೂ ಹೇಳುವ ಹಾಗಿಲ್ಲ.

2010ರಲ್ಲಿ ಡಾಡ್-ಫ್ರಾಂಕ್ ಕಾಯ್ದೆ ಬಂತು. ತ್ರಿಫ್ಟ್ ಕಚೇರಿಯನ್ನೇ ಮುಚ್ಚಿದರು. ವಾಕೋವಿಯಾಗೆ ಸಿಕ್ಕಿದ್ದ ತಾಯಿ-ಮಗುವಿನ ರಿಯಾಯಿತಿಯನ್ನು ರದ್ದು ಮಾಡಿದರು. ಗ್ರಾಹಕರ ಹಣಕಾಸಿಗೆ ಸಂಬಂಧಪಟ್ಟ ರಾಜ್ಯದ ಕಾನೂನನ್ನು ಬದಿಗೆ ಸರಿಸಬೇಕಾದರೆ ಅದು ನ್ಯಾಷನಲ್ ಬ್ಯಾಂಕಿನ ಅಧಿಕಾರವನ್ನು ತಡೆಯಬೇಕು, ಇಲ್ಲವೇ ಗಣನೀಯವಾಗಿ ಅಡ್ಡಿಪಡಿಸಬೇಕು. 1996ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಈ ಅಳತೆಗೋಲು ತೆಗೆದುಕೊಂಡರು. ಒಂದೊಂದು ಕಾನೂನನ್ನೂ ಬೇರೆ ಬೇರೆಯಾಗಿ ನೋಡಬೇಕು, ಗಟ್ಟಿ ಪುರಾವೆ ಇರಬೇಕು ಅಂತಲೂ ಬರೆದರು. 2011ರಲ್ಲಿ ಒಸಿಸಿ ತನ್ನ ನಿಯಮ ತಿದ್ದಿತು, ಆದರೆ ಹಳೆಯದರಲ್ಲಿ ಬಹುಪಾಲು ಉಳಿಸಿಕೊಂಡೇ ತಿದ್ದಿತು. ಅದು ಖಜಾನೆ ಇಲಾಖೆಯ ಒಂದು ಭಾಗ. ಆ ಖಜಾನೆ ಇಲಾಖೆಯೇ ಇದು ಸರಿಯಿಲ್ಲ ಅಂತ ಪತ್ರ ಬರೆದಿತ್ತು.

ಈಗ ಎಸ್ಕ್ರೋಗೆ ಬರೋಣ. ಕ್ಯಾಲಿಫೋರ್ನಿಯಾದ 2% ಕಾನೂನು ನ್ಯಾಷನಲ್ ಬ್ಯಾಂಕಿಗೂ ಅನ್ವಯ ಅಂತ ನಮ್ಮ ಭಾಗದ ಮೇಲ್ಮನವಿ ಕೋರ್ಟ್ 2018ರಲ್ಲಿ ಹೇಳಿತು. 2022ರಲ್ಲಿ ನ್ಯೂಯಾರ್ಕ್ ಭಾಗದ ಮೇಲ್ಮನವಿ ಕೋರ್ಟ್ ಅದೇ ಥರದ ಕಾನೂನಿಗೆ ಉಲ್ಟಾ ಹೇಳಿತು. 2024ರ ಮೇ 30ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಒಮ್ಮತದಿಂದ ರದ್ದು ಮಾಡಿ ವಾಪಸ್ ಕಳಿಸಿತು. ಇದು ಕ್ಯಾಂಟೆರೊ ಮೊಕದ್ದಮೆ. ತೀರ್ಪು ಬರೆದವರು ಜಸ್ಟಿಸ್ ಕ್ಯಾವನಾ. ಬ್ಯಾಂಕಿನ ಮೇಲೆ ಸ್ವಲ್ಪ ಹಿಡಿತ ಇದ್ದ ಮಾತ್ರಕ್ಕೆ ರಾಜ್ಯದ ಕಾನೂನೆಲ್ಲ ಬಿದ್ದುಹೋಗುವುದಿಲ್ಲ, ಹಾಗಂತ ಎಲ್ಲವೂ ಉಳಿಯುವುದೂ ಇಲ್ಲ, ಹಳೆಯ ತೀರ್ಪುಗಳ ಪಕ್ಕದಲ್ಲಿಟ್ಟು ಸೂಕ್ಷ್ಮವಾಗಿ ಹೋಲಿಸಿ ನೋಡಿ ಅಂದರು. 1954ರಲ್ಲಿ ನ್ಯಾಷನಲ್ ಬ್ಯಾಂಕ್ ಜಾಹೀರಾತಿನಲ್ಲಿ ‘ಸೇವಿಂಗ್ಸ್’ ಅನ್ನುವ ಪದ ಬಳಸಬಾರದು ಅಂದ ನ್ಯೂಯಾರ್ಕ್ ಕಾನೂನು ಬಿದ್ದಿತ್ತು. 1944ರಲ್ಲಿ ವಾರಸುದಾರರಿಲ್ಲದ ಠೇವಣಿಯನ್ನು ರಾಜ್ಯಕ್ಕೆ ಒಪ್ಪಿಸಿ ಅಂದ ಕೆಂಟಕಿ ಕಾನೂನು ಉಳಿದಿತ್ತು. ಎಸ್ಕ್ರೋ ಬಡ್ಡಿ ಇವೆರಡರಲ್ಲಿ ಯಾವುದಕ್ಕೆ ಹತ್ತಿರ? 2025ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನ ಮೇಲ್ಮನವಿ ಕೋರ್ಟ್ ರೋಡ್ ಐಲೆಂಡ್‌ನ ಕಾನೂನಿನ ವಿಷಯದಲ್ಲಿ ಸಾಲಗಾರನ ಮೊಕದ್ದಮೆಗೆ ಮತ್ತೆ ಜೀವ ಕೊಟ್ಟಿತು.

ಕೋರ್ಟ್‌ಗಳು ಹೀಗೆ ಒಂದೊಂದಾಗಿ ತೂಗಿ ನೋಡುತ್ತಿರುವಾಗಲೇ ಒಸಿಸಿಯ ಈ ಕರಡು ಬಂದಿದೆ.

ಬ್ಯಾಂಕ್‌ಗಳ ವಾದದಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಐವತ್ತು ರಾಜ್ಯ, ಐವತ್ತು ನಿಯಮ ಅಂದರೆ ಖರ್ಚು ಹೌದು. ಸೇವಿಂಗ್ಸ್ ಖಾತೆಗೆ ಬ್ಯಾಂಕ್‌ಗಳು ಏನೂ ಕೊಡದಿದ್ದ ವರ್ಷಗಳಲ್ಲಿ 2% ಜಾಸ್ತಿಯೇ ಆಗಿತ್ತು. ಆದರೆ ಅದಕ್ಕೆ ಪರಿಹಾರ ರಾಜ್ಯದ ಶಾಸನಸಭೆಯಲ್ಲಿ ಸಿಗುತ್ತದೆ. ರೋಡ್ ಐಲೆಂಡ್‌ನಲ್ಲಿ ಬ್ಯಾಂಕ್ ತನ್ನ ಸೇವಿಂಗ್ಸ್ ಖಾತೆಗೆ ಕೊಡುವಷ್ಟೇ ದರ ಎಸ್ಕ್ರೋಗೂ ಕೊಟ್ಟರೆ ಸಾಕು. ಇದು ಹೊರೆಯೇ? ಇನ್ನು ಖರ್ಚಿನ ಮಾತು. ಇದೇ ಬ್ಯಾಂಕ್‌ಗಳು ಒಂದೊಂದು ಕೌಂಟಿಯ ಟ್ಯಾಕ್ಸ್ ದರ, ಕೊನೇ ತಾರೀಖು, ದಂಡ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಒಂದು ದಿನವೂ ತಪ್ಪದೆ ಕಟ್ಟುತ್ತವೆ. ಎಸ್ಕ್ರೋ ಅಂದರೇ ಅದು. ಸಾವಿರಾರು ಕೌಂಟಿಗಳ ಲೆಕ್ಕ ಇಡಬಲ್ಲವರಿಗೆ ಹತ್ತು ಹನ್ನೆರಡು ರಾಜ್ಯಗಳ ಬಡ್ಡಿ ದರ ಕಷ್ಟ ಅಂದರೆ ನಾನು ನಂಬುವುದಿಲ್ಲ. ರಾಜ್ಯದ ಲೈಸೆನ್ಸ್‌ನ ಸಣ್ಣ ಬ್ಯಾಂಕ್‌ಗಳು, ಕ್ರೆಡಿಟ್ ಯೂನಿಯನ್‌ಗಳು ಸುಮ್ನೆ ಕೊಟ್ಟುಕೊಂಡು ಬಂದಿವೆ.

ನನ್ನ ವಾದ ಇಷ್ಟೇ. ವಾಷಿಂಗ್ಟನ್ ರಾಜ್ಯಗಳಿಗೆ ‘ಈ ಜಾಗ ಬಿಡಿ’ ಅಂದರೆ, ಆ ಜಾಗದಲ್ಲಿ ತಾನು ಬಂದು ನಿಲ್ಲಬೇಕು. ಎಸ್ಕ್ರೋ ಬಡ್ಡಿಗೆ ಇಡೀ ದೇಶಕ್ಕೆ ಒಂದೇ ದರ ಅಂತ ಕಾಂಗ್ರೆಸ್ಸು ಮಾಡಲಿ, ನಾನು ಎದುರಾಡುವುದಿಲ್ಲ. ಕರಡಿನಲ್ಲಿ ಅಂಥದ್ದು ಏನೂ ಇಲ್ಲ. ರಾಜ್ಯದ ನಿಯಮ ಹೋಗುತ್ತದೆ, ಬದಲಿಗೆ ಬರುವುದು ಬ್ಯಾಂಕಿನ ಇಷ್ಟ. 1980ರಲ್ಲೂ ಹೀಗೇ ಮಾಡಿದರು, 2004ರಲ್ಲೂ ಹೀಗೇ ಮಾಡಿದರು. ಗ್ರಾಹಕರನ್ನು ಕಾಯಲೆಂದು 2010ರಲ್ಲಿ ಹುಟ್ಟಿಸಿದ ಸಿಎಫ್‌ಪಿಬಿ ಕಚೇರಿಗೆ 2025ರ ಫೆಬ್ರವರಿಯಲ್ಲಿ ಕೆಲಸ ನಿಲ್ಲಿಸಿ ಅಂತ ಆದೇಶ ಹೋಯಿತು, ಸಿಬ್ಬಂದಿ ಕಡಿತದ ಜಗಳ ಕೋರ್ಟ್ ಹತ್ತಿತು. ಫೆಡರಲ್ ಕಾವಲು ಹೀಗೆ ಸೊರಗಿರುವಾಗ ರಾಜ್ಯದ ಕಾವಲನ್ನೂ ಕಳಿಸಿಬಿಟ್ಟರೆ ಯಾರ ಹತ್ತಿರ ಹೋಗಿ ದೂರು ಕೊಡುವುದು?

ಊರಲ್ಲೂ ಇದೇ ಪ್ರಶ್ನೆ ಇದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಹಣಕಾಸು ಕಂಪನಿಗಳಿಗೆ ಕೇರಳದ, ಗುಜರಾತಿನ ಲೇವಾದೇವಿ ಕಾನೂನುಗಳು ಅನ್ವಯ ಆಗುವುದಿಲ್ಲ ಅಂತ ಭಾರತದ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕದಲ್ಲಿ ಮೈಕ್ರೋ ಫೈನಾನ್ಸ್ ಕಾಟಕ್ಕೆ 2025ರಲ್ಲಿ ಸುಗ್ರೀವಾಜ್ಞೆ ತಂದಾಗಲೂ ರಾಜ್ಯ ಎಲ್ಲಿಯವರೆಗೆ ಹೋಗಬಹುದು ಅನ್ನುವ ಚರ್ಚೆ ಎದ್ದಿತ್ತು. ಅಲ್ಲಿ ಕೊನೇ ಪಕ್ಷ ರಾಜ್ಯವನ್ನು ಬದಿಗೆ ಸರಿಸಿದ ಜಾಗದಲ್ಲಿ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಬ್ಯಾಂಕಿನಿಂದ ಏರಿಳಿಯುವ ಬಡ್ಡಿಯ ಮನೆ ಸಾಲ ತೆಗೆದುಕೊಂಡವರು ಬೇಗ ತೀರಿಸಿದರೆ ದಂಡ ಹಾಕಬಾರದು ಅಂತ ಅದು 2012ರಲ್ಲೇ ಹೇಳಿದೆ. ಸಾಕೋ ಸಾಲದೋ ಬೇರೆ ಮಾತು, ನಿಯಮ ಅಂತ ಒಂದಿದೆ.

ಈಗ ಮಾಡಬೇಕಾದ ಕೆಲಸ. ರೆಗ್ಯುಲೇಷನ್ಸ್ ಡಾಟ್ ಗವ್ ಅನ್ನುವ ಸರ್ಕಾರಿ ತಾಣಕ್ಕೆ ಹೋಗಿ ಒಸಿಸಿ, ಎಸ್ಕ್ರೋ ಅಂತ ಹುಡುಕಿದರೆ ಎರಡೂ ಕರಡು ಸಿಗುತ್ತವೆ. ಅಭಿಪ್ರಾಯ ಬರೆಯಲು ನೀವು ಸಿಟಿಜನ್ ಆಗಿರಬೇಕಾಗಿಲ್ಲ. ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು, ಎಚ್-1ಬಿಯಲ್ಲಿ ಇರುವವರು ಎಲ್ಲರೂ ಬರೆಯಬಹುದು. ಸಾಲ ಕಟ್ಟುವಾಗ ನಮ್ಮ ವೀಸಾ ಯಾವುದು ಅಂತ ನೋಡಿ ಯಾರೂ ಬಿಡುವುದಿಲ್ಲವಲ್ಲ. ಆದರೆ ಅಲ್ಲಿ ಬರೆದದ್ದು ಎಲ್ಲರಿಗೂ ಕಾಣುತ್ತದೆ, ಸಾಲದ ಅಕೌಂಟ್ ನಂಬರು, ಮನೆ ವಿಳಾಸ ಹಾಕಬೇಡಿ.

ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸಾಕು, ವಕೀಲರ ಭಾಷೆ ಬೇಡ. ನಿಮ್ಮ ರಾಜ್ಯ ಯಾವುದು, ಎಸ್ಕ್ರೋದಲ್ಲಿ ಸುಮಾರು ಎಷ್ಟು ದುಡ್ಡಿರುತ್ತದೆ, ಬಡ್ಡಿ ಬರುತ್ತದೋ ಇಲ್ಲವೋ ಬರೆಯಿರಿ. ಎಸ್ಕ್ರೋ ನೀವಾಗಿ ಕೇಳಿದ್ದೋ, ಬ್ಯಾಂಕ್ ಕಡ್ಡಾಯ ಮಾಡಿದ್ದೋ ಅದನ್ನೂ ಬರೆಯಿರಿ. ಕೊನೆಗೆ ಒಂದು ಪ್ರಶ್ನೆ ಕೇಳಿ: ನ್ಯೂಯಾರ್ಕಿನಲ್ಲಿ ಈ ಕಾನೂನು ಬಂದು ಐವತ್ತು ವರ್ಷ ದಾಟಿತು, ಅದರಿಂದ ಗಣನೀಯವಾಗಿ ಅಡ್ಡಿಯಾಗಿ ಮನೆ ಸಾಲ ಕೊಡುವುದನ್ನು ನಿಲ್ಲಿಸಿದ ನ್ಯಾಷನಲ್ ಬ್ಯಾಂಕ್ ಯಾವುದು, ಪುರಾವೆ ಎಲ್ಲಿದೆ? ಡಾಡ್-ಫ್ರಾಂಕ್ ಕೇಳುವುದು ಆ ಪುರಾವೆಯನ್ನೇ. ನೂರು ಜನ ಅದನ್ನೇ ಕೇಳಿದ್ದು ಕಡತದಲ್ಲಿ ಇದ್ದರೆ, ನಾಳೆ ಕೋ‌ರ್ಟ್‌ನಲ್ಲಿ ಈ ನಿಯಮವನ್ನು ಪ್ರಶ್ನಿಸುವವರಿಗೆ ಅದು ಕೆಲಸಕ್ಕೆ ಬರುತ್ತದೆ. ಕಾಟಾಚಾರಕ್ಕೆ ಒಂದೇ ಪತ್ರವನ್ನು ಎಲ್ಲರೂ ಅಂಟಿಸಬೇಡಿ, ನಿಮ್ಮ ನಿಮ್ಮ ಲೆಕ್ಕವನ್ನೇ ಬರೆಯಿರಿ.

ಅದರ ನಕಲನ್ನು ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರಿಗೂ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಕಳಿಸಿ. ಈ ಕಾನೂನು ಇಲ್ಲದ ರಾಜ್ಯಗಳಲ್ಲಿ ಇರುವವರು, ಟೆಕ್ಸಾಸ್, ನಾರ್ತ್ ಕೆರೊಲಿನಾದಲ್ಲಿ ಇರುವವರು, ನಮಗೇನು ಅಂತ ಬಿಡಬೇಡಿ. ಇಂದು ಎಸ್ಕ್ರೋಗೆ ಒಪ್ಪಿದ ವಾದವನ್ನೇ ನಾಳೆ ಫೋರ್‌ಕ್ಲೋಷರ್ ನೋಟಿಸಿಗೋ ಲೇಟ್ ಫೀಸಿಗೋ ತರಬಹುದು, ಅಂಥ ಕಾನೂನುಗಳು ನಿಮ್ಮ ರಾಜ್ಯದಲ್ಲೂ ಇವೆ.

ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಕೆ ಇರುವ ಹಿರಿಯರು, ಮಕ್ಕಳ ಹೆಸರಿನ ಜೊತೆ ಸಾಲಕ್ಕೆ ಸಹಿ ಹಾಕಿರುವ ಅಪ್ಪ ಅಮ್ಮಂದಿರು ನಮ್ಮ ಕನ್ನಡ ಕೂಟದ ಶನಿವಾರದ ತರಗತಿಯ ಹೊತ್ತಿಗೆ ಸ್ಟೇಟ್‌ಮೆಂಟ್ ತನ್ನಿ. ಮಕ್ಕಳು ಒಳಗೆ ಅಕ್ಷರ ಕಲಿಯುತ್ತಿರುವಾಗ ಹೊರಗೆ ಕೂತು ಓದೋಣ, ಬರೆಯೋಣ. ಬೇರೆ ಊರುಗಳ ಕೂಟದವರೂ ಹೀಗೊಂದು ಮೇಜು ಹಾಕಿದರೆ ಚೆನ್ನಾಗಿರುತ್ತದೆ. ಗಡುವು ಹತ್ತಿರದಲ್ಲಿದೆ, ಯುಗಾದಿಗೆ ನೋಡೋಣ ಅಂದರೆ ಆಗುವುದಿಲ್ಲ.

ಇಂತಿ,
ಫ್ರೀಮಾಂಟಿನಲ್ಲಿ ಮನೆ ಸಾಲ ಕಟ್ಟುತ್ತಿರುವ ಒಬ್ಬ ಕನ್ನಡಿಗ